ಧ್ರುವಪ್ರದೇಶಗಳ ಹವಾಮುನ್ಸೂಚನೆ: ಪ್ರಾದೇಶಿಕ ಮಾದರಿಗಳ ನಿರ್ವಹಣೆ ಮತ್ತು ಮೌಲ್ಯಮಾಪನ

ಸಮಸ್ತ ಭೂಗೋಳದ ವಾಯುಮಂಡಲವನ್ನು ಒಟ್ಟಾಗಿ ಗಣಿಸುವ ಜಾಗತಿಕ ಮಾದರಿಯೊಂದರ ಒಳಗೆ, ಸೀಮಿತವಾದ ಒಂದು ಭೂಭಾಗವನ್ನು ಮಾತ್ರ ಹೆಚ್ಚು ನಿಬಿಡವಾದ ಜಾಲಬಿಂದುಗಳಿಂದ ಹೊದಿಸಿ, ಅಲ್ಲಿಯ ವಾಯುಭಾರ, ಉಷ್ಣತೆ, ಆರ್ದ್ರತೆ, ಮಾರುತಗಳು ಮುಂದಿನ ಕೆಲವು ದಿನಗಳಲ್ಲಿ ತಳೆಯಲಿರುವ ಗತಿಯನ್ನು ಗಣಕಯಂತ್ರದಿಂದ ದಿನದಿನವೂ ಲೆಕ್ಕಹಾಕಿಸಿ, ಆ ಲೆಕ್ಕವು ಘಟನೆಗೆ ಮುಂಚಿತವಾಗಿಯೇ ಬಳಸುವವರ ಕೈಸೇರುವಂತೆ ಏರ್ಪಡಿಸಿದ ವ್ಯವಸ್ಥೆಗೆ ನೈಜಕಾಲಿಕ ಪ್ರಾದೇಶಿಕ ಹವಾಮುನ್ಸೂಚನಾ ಮಾದರಿಯೆಂದು ಹೆಸರು. ಧ್ರುವಪ್ರದೇಶಗಳಲ್ಲಿ ಇಂಥ ಮಾದರಿಯನ್ನು ನಡೆಸುವುದು ಸಮಶೀತೋಷ್ಣ ವಲಯಗಳಲ್ಲಿ ನಡೆಸುವುದಕ್ಕಿಂತ ಕಠಿನತರವಾದ ಕಾರ್ಯ. ಹಾಗೆ ನಡೆಸಿದ ಮಾದರಿಯು ಎಷ್ಟರಮಟ್ಟಿಗೆ ನಿಜವನ್ನು ನುಡಿಯಿತೆಂದು ನಿರ್ಣಯಿಸುವುದು ಅದಕ್ಕಿಂತಲೂ ಕಠಿನ. ಎರಡು ಕಷ್ಟಗಳಿಗೂ ಮೂಲ ಒಂದೇ. ಮಾದರಿಗೆ ಆರಂಭಸ್ಥಿತಿಯನ್ನು ಒದಗಿಸಬೇಕಾದ ವೀಕ್ಷಣೆಗಳೂ, ಅದರ ಫಲವನ್ನು ಒರೆಗೆ ಹಚ್ಚಬೇಕಾದ ವೀಕ್ಷಣೆಗಳೂ ಅಲ್ಲಿ ಸಮಾನವಾಗಿ ವಿರಳ. ಆದಕಾರಣ ಧ್ರುವಪ್ರದೇಶದ ಮುನ್ಸೂಚನೆಯಲ್ಲಿ ಮೌಲ್ಯಮಾಪನವನ್ನು ಕೆಲಸ ಮುಗಿದ ಮೇಲಣ ಪರೀಕ್ಷೆಯೆಂದು ಭಾವಿಸಲಾಗದು. ಅದು ಮುನ್ಸೂಚನೆಯ ಅರ್ಧಭಾಗವೆಂದೇ ಎಣಿಸತಕ್ಕದ್ದು.

ಈ ವಿದ್ಯೆಯ ಪೂರ್ವೇತಿಹಾಸದಲ್ಲಿ ಭಾರತದ ಹೆಸರು ಅನಿರೀಕ್ಷಿತವಾಗಿ ಕಾಣಿಸಿಕೊಳ್ಳುತ್ತದೆ. 1906ರಿಂದ ಸಿಮ್ಲಾದಲ್ಲಿ ಭಾರತೀಯ ಪವನವಿಜ್ಞಾನ ಇಲಾಖೆಯ ಅಧಿಕಾರಿಯಾಗಿದ್ದ ಜಾರ್ಜ್ ಸಿಂಪ್ಸನ್, ಇಲಾಖೆಯ ಅನುಮತಿ ಪಡೆದು 1910ರಲ್ಲಿ ಕ್ಯಾಪ್ಟನ್ ಸ್ಕಾಟನ ದಕ್ಷಿಣ ಧ್ರುವಯಾತ್ರೆಯೊಡನೆ ಹವಾಶಾಸ್ತ್ರಜ್ಞನಾಗಿ ತೆರಳಿದನು. ರಾಸ್ ದ್ವೀಪದ ಕೇಪ್ ಇವಾನ್ಸ್‌ನಲ್ಲಿ ಅವನು ಹೈಡ್ರೋಜನ್ ತುಂಬಿದ ಪುಟ್ಟ ಬಲೂನುಗಳಿಗೆ ಉಷ್ಣತಾಲೇಖಕ ಯಂತ್ರಗಳನ್ನು ಕಟ್ಟಿ ಮೇಲಕ್ಕೆ ಬಿಡುತ್ತಿದ್ದನು. ಯಂತ್ರವು ಕಳಚಿ ಹಿಮದ ಮೇಲೆಲ್ಲಿಯೋ ಬಿದ್ದಾಗ, ಅದರ ಬೆನ್ನಿಗೆ ಹರಿಯಬಿಟ್ಟಿದ್ದ ಸಣ್ಣ ರೇಷ್ಮೆದಾರದ ಜಾಡು ಹಿಡಿದು ನಡೆದು ಅದನ್ನು ಹುಡುಕಿ ತರಬೇಕಾಗುತ್ತಿತ್ತು. ನೆಲದಿಂದ ಮೇಲೇರಿದಂತೆ ಗಾಳಿಯು ತಣ್ಣಗಾಗುವ ಬದಲು ಬೆಚ್ಚಗಾಗುವ ವಿಪರ್ಯಯಸ್ಥಿತಿಯು ಆ ದಾರದ ತುದಿಯಲ್ಲಿ ಸಿಕ್ಕ ಲೇಖನಗಳಲ್ಲಿ ಸ್ಪಷ್ಟವಾಗಿ ಮೂಡಿದ್ದಿತು. 1912ರಲ್ಲಿ ಕರ್ತವ್ಯದ ಕರೆಗೆ ಓಗೊಟ್ಟು ಭಾರತಕ್ಕೆ ಹಿಂದಿರುಗಿದ ಸಿಂಪ್ಸನ್, ಆ ಯಾತ್ರೆಯ ಹವಾವೀಕ್ಷಣೆಗಳನ್ನೆಲ್ಲ ವಿಮರ್ಶಿಸಿ ಬರೆದ ಗ್ರಂಥವು 1919ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಅವನು ಬಲೂನು ಹಾರಿಸಿದ ಅದೇ ದ್ವೀಪದಲ್ಲಿ ಇಂದು ಅಮೆರಿಕದ ಮೆಕ್‌ಮರ್ಡೊ ಕೇಂದ್ರವಿದೆ. ಧ್ರುವಪ್ರದೇಶದ ಪ್ರಾದೇಶಿಕ ಮಾದರಿಗಳಲ್ಲಿ ದೀರ್ಘಕಾಲ ನಡೆದು ಬಂದ, ಸುಪರೀಕ್ಷಿತವಾದ ಒಂದು ವ್ಯವಸ್ಥೆ ಹುಟ್ಟಿದುದು ಆ ಕೇಂದ್ರದ ಅಗತ್ಯಗಳಿಗಾಗಿ.

ಆ ವ್ಯವಸ್ಥೆಯ ವಿವರಕ್ಕೆ ಮುನ್ನ ಧ್ರುವಪ್ರದೇಶದ ವಾಯುಮಂಡಲದ ಸ್ವಭಾವವನ್ನು ತಿಳಿಯುವುದು ಅವಶ್ಯಕ. ಏಕೆಂದರೆ ಬೇರೆ ವಲಯಗಳಿಗಾಗಿ ರಚಿತವಾದ ಮಾದರಿಗಳು ಇಲ್ಲಿ ಎಡವುವುದು ಈ ಸ್ವಭಾವವನ್ನು ಅರಿಯದೆ. ಸೂರ್ಯನಿಲ್ಲದ ತಿಂಗಳುಗಳಲ್ಲಿ ಹಿಮದ ಮೇಲ್ಮೈಯು ತನ್ನ ಉಷ್ಣವನ್ನು ಅವಿರತವಾಗಿ ಆಕಾಶಕ್ಕೆ ವಿಕಿರಿಸುತ್ತಿರುವುದರಿಂದ, ಅದನ್ನು ತಗುಲಿಕೊಂಡ ಗಾಳಿಯ ಪದರವು ಮೇಲಣ ಗಾಳಿಗಿಂತ ಬಹಳ ತಣ್ಣಗಾಗುತ್ತದೆ. ದಕ್ಷಿಣ ಧ್ರುವದ ಪ್ರಸ್ಥಭೂಮಿಯಲ್ಲಿ ಚಳಿಗಾಲದ ಈ ವಿಪರ್ಯಯವು ನೆಲದಿಂದ ಕೆಲವು ನೂರು ಮೀಟರುಗಳೊಳಗೇ 20 ಡಿಗ್ರಿ ಸೆಲ್ಸಿಯಸ್‌ನಷ್ಟಾಗುವುದುಂಟು. ಇಷ್ಟು ಸ್ಥಿರವಾದ ಪದರದಲ್ಲಿ ಸುಳಿಗಳು ಕ್ಷೀಣವಾಗಿ, ಅಲ್ಲಲ್ಲಿ ಬಿಟ್ಟುಬಿಟ್ಟು ಏಳುತ್ತವೆ. ಸಾಮಾನ್ಯ ಮಾದರಿಗಳ ಸೂತ್ರಗಳಾದರೋ ಅವಶ್ಯಕತೆಗಿಂತ ಹೆಚ್ಚಾಗಿ ಗಾಳಿಯನ್ನು ಕಲಸಿ, ವಿಪರ್ಯಯವನ್ನು ಸಡಿಲಗೊಳಿಸಿ, ನೆಲದ ಉಷ್ಣತೆಯನ್ನು ಇರುವುದಕ್ಕಿಂತ ಏರಿಸಿಬಿಡುತ್ತವೆ. ಪೂರ್ವ ಅಂಟಾರ್ಕ್ಟಿಕದ ಡೋಮ್ ಸಿ ಎಂಬಲ್ಲಿರುವ ಕಾಂಕಾರ್ಡಿಯ ಕೇಂದ್ರದಲ್ಲಿ 45 ಮೀಟರು ಎತ್ತರದ ಗೋಪುರದ ಮೇಲೆ ಹಲವು ಮಟ್ಟಗಳಲ್ಲಿ ಉಪಕರಣಗಳನ್ನು ನೆಲೆಗೊಳಿಸಿ ಪಡೆದ, 2009ರ ಡಿಸೆಂಬರ್ 11ರ ದಿನದ ಅಳತೆಗಳನ್ನು ಮುಂದಿಟ್ಟುಕೊಂಡು ಹಲವು ದೇಶಗಳ ಮಾದರಿಗಳನ್ನು ಒಂದೇ ಪ್ರಶ್ನೆಗೆ ಉತ್ತರಿಸಲು ಹಚ್ಚಿದಾಗ, ಉತ್ತರಗಳು ಪರಸ್ಪರ ಗಣನೀಯವಾಗಿ ಭಿನ್ನವಾದುವು.

ತಣಿದು ಭಾರವಾದ ಈ ಗಾಳಿ ಇದ್ದೆಡೆಯಲ್ಲಿಯೇ ನಿಲ್ಲುವುದಿಲ್ಲ. ಗುಮ್ಮಟದಂತಿರುವ ಹಿಮಭೂಮಿಯ ಇಳಿಜಾರಿನಲ್ಲಿ ಅದು ಕರಾವಳಿಯ ಕಡೆಗೆ ಜಾರಿ, ಕಣಿವೆಗಳಲ್ಲಿ ಒಗ್ಗೂಡಿ, ಕಟಬಾಟಿಕ್ ಮಾರುತವೆಂಬ ಹೆಸರಿನಿಂದ ಪ್ರಸಿದ್ಧವಾದ ಪ್ರವಾಹವಾಗುತ್ತದೆ. ಆಸ್ಟ್ರೇಲಿಯದ ಡಗ್ಲಸ್ ಮಾಸನ್ 1912ರಲ್ಲಿ ಬೀಡುಬಿಟ್ಟಿದ್ದ ಕೇಪ್ ಡೆನಿಸನ್‌ನಲ್ಲಿ ಗಾಳಿಯ ವಾರ್ಷಿಕ ಸರಾಸರಿ ವೇಗವೇ ಸೆಕೆಂಡಿಗೆ ಸುಮಾರು 19 ಮೀಟರು. ಎಂದರೆ ಬೇರೆಡೆ ಬಿರುಗಾಳಿಯೆನಿಸುವ ವೇಗವು ಅಲ್ಲಿ ನಿತ್ಯದ ಸ್ಥಿತಿ. ಇಂಥ ಮಾರುತದ ಮಾರ್ಗವನ್ನು ನಿರ್ಣಯಿಸುವುದು ಬೆಟ್ಟಕಣಿವೆಗಳ ಸೂಕ್ಷ್ಮ ಆಕಾರ. ಆದ್ದರಿಂದ, ನೂರು ಕಿಲೋಮೀಟರಿಗೊಂದು ಬಿಂದುವಿಟ್ಟು ಪರ್ವತವನ್ನು ದಿಬ್ಬವಾಗಿ ಮಟ್ಟಮಾಡಿದ ಮಾದರಿಗೆ ಅದು ಗೋಚರಿಸುವ ಸಂಭವವೇ ಇಲ್ಲ.

ಮೋಡಗಳ ವಿಷಯ ಇನ್ನೂ ಜಟಿಲ. ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯಲ್ಲಿಯೂ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿಯುವ ನೀರಹನಿಗಳು ಧ್ರುವಪ್ರದೇಶದ ತೆಳುವಾದ ಕೆಳಮೋಡಗಳಲ್ಲಿ ವಿಪುಲ. ಮಾದರಿಗಳು ಅವನ್ನು ಬಲುಬೇಗನೆ ಹಿಮಕಣಗಳಾಗಿ ಪರಿವರ್ತಿಸಿ ಉದುರಿಸಿಬಿಡುತ್ತವೆ. ಆಗ ಬೇಸಗೆಯಲ್ಲಿ ನೆಲಕ್ಕೆ ತಲಪುವ ಬಿಸಿಲು ಲೆಕ್ಕದಲ್ಲಿ ಅತಿಯಾಗುತ್ತದೆ. ಮೋಡದಿಂದ ನೆಲಕ್ಕೆ ಮರಳಬೇಕಾದ ದೀರ್ಘತರಂಗ ವಿಕಿರಣವು ಕಡಿಮೆಯಾಗುತ್ತದೆ. ಒಂದು ತಪ್ಪು ಇನ್ನೊಂದನ್ನು ಮರೆಮಾಡಿ ಉಷ್ಣತೆಯ ಸರಾಸರಿ ಸರಿಯೆಂದು ತೋರುವ ಸಂದರ್ಭಗಳೂ ಉಂಟು. ಇದರ ಮೋಸವನ್ನು ಮುಂದೆ ನೋಡೋಣ. ಸಮುದ್ರವನ್ನು ಮುಚ್ಚಿದ ಹಿಮಗಡ್ಡೆಯ ಪ್ರಶ್ನೆಯೂ ಇದಕ್ಕೆ ಕೂಡುತ್ತದೆ. ಚಳಿಗಾಲದಲ್ಲಿ ಗಡ್ಡೆಗಳ ನಡುವೆ ಬಿರುಕೊಡೆದು ತೆರೆದ ನೀರು ಕಾಣಿಸಿಕೊಂಡರೆ, ಚದರ ಮೀಟರಿಗೆ ನೂರಾರು ವಾಟ್ ಉಷ್ಣವು ಅಲ್ಲಿಂದ ಮೇಲಕ್ಕೆ ಹರಿಯುತ್ತದೆ. ಒಂದು ಜಾಲಚೌಕವನ್ನು ಪೂರ್ತಿ ಹಿಮವೆಂದೋ ಪೂರ್ತಿ ನೀರೆಂದೋ ಎಣಿಸಿದ ಮಾದರಿಗೆ ಈ ಮಿಶ್ರಸ್ಥಿತಿಯನ್ನು ಹೇಳುವ ಶಕ್ತಿಯೇ ಇರುವುದಿಲ್ಲ.

ಈ ಕೊರತೆಗಳನ್ನು ತಿದ್ದುವ ಕಾರ್ಯದಲ್ಲಿ ಅಗ್ರಗಣ್ಯವಾದುದು ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದ ಬರ್ಡ್ ಧ್ರುವಸಂಶೋಧನ ಕೇಂದ್ರ. ಡೇವಿಡ್ ಬ್ರಾಮ್ವಿಚ್ ಅವರ ಮುಂದಾಳುತನದಲ್ಲಿ ಅಲ್ಲಿಯ ವಿದ್ವಾಂಸರು, ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾನಿಲಯವೂ ಬೋಲ್ಡರ್ ನಗರದ ರಾಷ್ಟ್ರೀಯ ವಾಯುಮಂಡಲ ಸಂಶೋಧನ ಕೇಂದ್ರವೂ ಕೂಡಿ ನಿರ್ಮಿಸಿದ್ದ ಎಂ.ಎಂ.5 ಎಂಬ ಮಾದರಿಯನ್ನು ಮೊದಲು ಗ್ರೀನ್‌ಲೆಂಡಿನ ಹಿಮಭೂಮಿಯ ಮೇಲೆ ಪರೀಕ್ಷಿಸಿ, ಹಿಮದ ಮೂಲಕ ಉಷ್ಣ ಸಾಗುವ ರೀತಿ, ಮೋಡಗಳೊಡನೆ ವಿಕಿರಣದ ಸಂಬಂಧ, ಹಿಮಕಣಗಳ ಉತ್ಪತ್ತಿ, ಸಮುದ್ರಹಿಮದ ಭಾಗಶಃ ಆವರಣ ಇವುಗಳನ್ನು ತಿದ್ದಿ ‘ಪೋಲಾರ್ ಎಂ.ಎಂ.5’ ಎಂಬ ರೂಪವನ್ನು ಹೊರತಂದರು. ಮುಂದೆ ಎಂ.ಎಂ.5ರ ಸ್ಥಾನವನ್ನು ಡಬ್ಲ್ಯು.ಆರ್.ಎಫ್. ಎಂಬ ಹೊಸ ಮಾದರಿಯು ಆಕ್ರಮಿಸಿದಾಗ, ಅದೇ ಸಂಸ್ಕಾರವನ್ನು ಅದಕ್ಕೂ ನೀಡಿ ‘ಪೋಲಾರ್ ಡಬ್ಲ್ಯು.ಆರ್.ಎಫ್.’ ಸಿದ್ಧವಾಯಿತು. ಗ್ರೀನ್‌ಲೆಂಡಿನ ಹಿಮಭೂಮಿ, ಆರ್ಕ್ಟಿಕ್ ಸಾಗರ, ಆರ್ಕ್ಟಿಕ್ ನೆಲ ಈ ಮೂರು ಬಗೆಯ ಮೇಲ್ಮೈಗಳ ಮೇಲೆ ಅದನ್ನು ಒಂದೊಂದಾಗಿ ಪರೀಕ್ಷಿಸಿದುದು ಆ ಸಂಶೋಧಕರ ನಿಷ್ಠೆಗೆ ಸಾಕ್ಷಿ.

2000ದ ಅಕ್ಟೋಬರಿನಲ್ಲಿ ಬೋಲ್ಡರ್ ಕೇಂದ್ರವೂ ಒಹಾಯೊ ವಿಶ್ವವಿದ್ಯಾನಿಲಯವೂ ಕೂಡಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯದಿಂದ, ಅಂಟಾರ್ಕ್ಟಿಕ ಮಧ್ಯಮಪ್ರಮಾಣ ಮುನ್ಸೂಚನಾ ವ್ಯವಸ್ಥೆಯನ್ನು ಆರಂಭಿಸಿದುವು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ‘ಆಂಪ್ಸ್’ ಎಂಬ ಹೆಸರಿನಿಂದಲೇ ಅದು ಎಲ್ಲೆಡೆ ಪರಿಚಿತ. ಒಂದರೊಳಗೊಂದು ಅಡಗಿದ ಜಾಲಗಳು ಅದರ ರಚನೆಯ ತಿರುಳು. ಹೊರಜಾಲವು ದಕ್ಷಿಣ ಸಾಗರದ ವಿಸ್ತಾರವನ್ನು ಆವರಿಸುತ್ತದೆ; ಅದರೊಳಗಣದು ಇಡೀ ಅಂಟಾರ್ಕ್ಟಿಕವನ್ನು, ಅದರೊಳಗಣದು ರಾಸ್ ಸಮುದ್ರದ ಪ್ರಾಂತವನ್ನು, ಅತ್ಯಂತ ಒಳಗಿನದು ರಾಸ್ ದ್ವೀಪವನ್ನು. ಆರಂಭದಲ್ಲಿ 90, 30, 10 ಕಿ.ಮೀ. ಇದ್ದ ಬಿಂದುಗಳ ಅಂತರವು ವರ್ಷಗಳು ಕಳೆದಂತೆ 30, 10, 3.3, 1.1 ಕಿ.ಮೀ.ಗಳಿಗೆ ಇಳಿದು, ಮುಂದೆ ಅತ್ಯಂತ ಒಳಜಾಲದಲ್ಲಿ ಒಂದು ಕಿಲೋಮೀಟರಿಗೂ ಕಡಿಮೆಯಾಯಿತು. ಅಂತರವನ್ನು ಮೂರನೆಯ ಒಂದಕ್ಕೆ ಇಳಿಸಿದಾಗ ಉದ್ದದಲ್ಲಿ ಮೂರು ಪಟ್ಟು, ಅಗಲದಲ್ಲಿ ಮೂರು ಪಟ್ಟು ಬಿಂದುಗಳಾಗುವುದಲ್ಲದೆ, ಲೆಕ್ಕದ ಕಾಲಹೆಜ್ಜೆಯನ್ನೂ ಮೂರು ಪಾಲು ಚಿಕ್ಕದಾಗಿಸಬೇಕಾಗುವುದರಿಂದ, ಅದೇ ಭೂಭಾಗಕ್ಕೆ 27 ಪಟ್ಟು ಗಣನೆ ಬೇಕಾಗುತ್ತದೆ. ಇಂಥ ಹೊರೆಯನ್ನು ಹೊರುವುದಕ್ಕಾಗಿ ವಯೋಮಿಂಗ್‌ನಲ್ಲಿ ಸ್ಥಾಪಿಸಿದ ಗಣಕಯಂತ್ರಕ್ಕೆ, ಮೆಕ್‌ಮರ್ಡೊದ ನೆತ್ತಿಯ ಮೇಲೆ ನಿಂತ 3,794 ಮೀಟರು ಎತ್ತರದ ಜ್ವಾಲಾಮುಖಿಯ ನೆನಪಿಗಾಗಿ ‘ಎರೆಬಸ್’ ಎಂದು ಹೆಸರಿಟ್ಟರು.

ನಿತ್ಯದ ನಿರ್ವಹಣೆಯಲ್ಲಿ ಕಾಲವೇ ಮುಖ್ಯ. ಗ್ರೀನಿಚ್ ಕಾಲಮಾನದ 00 ಮತ್ತು 12 ಗಂಟೆಗಳ ಸ್ಥಿತಿಯಿಂದ ದಿನಕ್ಕೆ ಎರಡು ಬಾರಿ ಲೆಕ್ಕ ಮೊದಲಾಗುತ್ತದೆ. ಅಮೆರಿಕದ ಜಾಗತಿಕ ಮಾದರಿಯ ಫಲಿತಾಂಶ ಬಂದು, ಅದನ್ನು ಪ್ರಥಮಾನುಮಾನವಾಗಿಟ್ಟುಕೊಂಡು, ಅಷ್ಟರಲ್ಲಿ ದೊರೆತ ಸ್ಥಳೀಯ ವೀಕ್ಷಣೆಗಳನ್ನು ಅದರೊಳಗೆ ಬೆಸೆದು, ಉಪಗ್ರಹದ ಸೂಕ್ಷ್ಮತರಂಗಗಳು ತೋರಿದ ಆ ದಿನದ ಸಮುದ್ರಹಿಮದ ಪ್ರಮಾಣವನ್ನು ಕೂಡಿಸಿ, ಅನಂತರವೇ ಮುಂದಿನ ದಿನಗಳ ಗಣನೆ. ಮೆಕ್‌ಮರ್ಡೊ ನ್ಯೂಜಿಲೆಂಡಿನ ಗಡಿಯಾರವನ್ನು ಅನುಸರಿಸುವುದರಿಂದ ಗ್ರೀನಿಚ್‌ನ ನಡುಹಗಲು ಅಲ್ಲಿಯ ನಡುರಾತ್ರಿ. ಆ ಹೊತ್ತಿನ ವೀಕ್ಷಣೆಗಳಿಂದ ಹೊರಟ ಮುನ್ಸೂಚನೆಯ ನಕ್ಷೆಗಳು ವಿಮಾನಗಳ ಮುಂಜಾನೆಯ ನಿರ್ಧಾರಕ್ಕೆ ಮುಟ್ಟಬೇಕು. ಎರಡು ಗಂಟೆ ತಡವಾಗಿ ಬಂದ ಅತ್ಯುತ್ತಮ ಲೆಕ್ಕಕ್ಕಿಂತ ವೇಳೆಗೆ ಸರಿಯಾಗಿ ಬಂದ ಸಾಧಾರಣ ಲೆಕ್ಕವೇ ಮುನ್ಸೂಚಕನಿಗೆ ಬೆಲೆಯುಳ್ಳದ್ದು. ಮಾದರಿಯ ಭೌತಸೂತ್ರಗಳನ್ನು ಎಷ್ಟು ವಿಸ್ತಾರವಾಗಿ ಇರಿಸಬೇಕೆಂಬ ಪ್ರಶ್ನೆ ಕೊನೆಗೆ ನಿರ್ಧಾರವಾಗುವುದು ಈ ಗಡಿಯಾರದ ಮುಂದೆ.

ಆ ಮುಂಜಾನೆಯ ನಿರ್ಧಾರದ ಗಾಂಭೀರ್ಯವನ್ನು ಹತ್ತಿರದಿಂದ ನೋಡಬೇಕು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಿಂದ ಮೆಕ್‌ಮರ್ಡೊಗೆ ಸುಮಾರು 3,800 ಕಿ.ಮೀ. ದೂರ, ನಡುವೆ ಇಳಿಯುವುದಕ್ಕೆ ನೆಲವಿಲ್ಲ. ಹಿಮದ ಮೇಲಿಳಿಯುವ ಸ್ಕೀ ಅಳವಡಿಸಿದ ಹರ್ಕ್ಯುಲಿಸ್ ವಿಮಾನಕ್ಕೆ ಇದು ಎಂಟು ಗಂಟೆಗಳ ಹಾದಿ. ಹಾದಿಯಲ್ಲಿ ಒಂದು ಬಿಂದುವಿದೆ. ಅದನ್ನು ದಾಟಿದ ಮೇಲೆ ಹಿಂದಿರುಗುವುದಕ್ಕೆ ಇಂಧನ ಸಾಲದಾದ್ದರಿಂದ, ಮುಂದೆ ಹವೆ ಹೇಗಿದ್ದರೂ ಮೆಕ್‌ಮರ್ಡೊದಲ್ಲಿಯೇ ಇಳಿಯತಕ್ಕದ್ದು. 2013ರ ಅಕ್ಟೋಬರ್ 7ರಂದು ನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತ ನ್ಯೂಜಿಲೆಂಡ್ ವಾಯುಪಡೆಯ ಬೋಯಿಂಗ್ 757 ವಿಮಾನವೊಂದು ಆ ಬಿಂದುವನ್ನು ದಾಟಿ ಬಂದಾಗ, ಮೆಕ್‌ಮರ್ಡೊ ಸಮೀಪದ ಪೆಗಾಸಸ್ ನಿಲ್ದಾಣವನ್ನು ಮುನ್ಸೂಚನೆಯಲ್ಲಿಲ್ಲದಿದ್ದ ಮಂಜು ಕವಿಯಿತು. ಮೊದಲ ಯತ್ನ ಫಲಿಸದೆ, ಬಹುಹೊತ್ತು ಆಕಾಶದಲ್ಲಿಯೇ ಸುತ್ತುತ್ತಿದ್ದು, ಕೊನೆಗೆ ನಿಯಮವು ವಿಧಿಸಿದ ಕನಿಷ್ಠ ಗೋಚರತೆಗಿಂತಲೂ ಕೆಳಗಿನ ಸ್ಥಿತಿಯಲ್ಲಿ ಅದು ಕ್ಷೇಮವಾಗಿ ಇಳಿಯಿತು. ಯಾರಿಗೂ ಗಾಯವಾಗಲಿಲ್ಲ. ಮಂಜಾದರೋ ಹತ್ತಾರು ಮೀಟರು ದಪ್ಪದ, ಉಷ್ಣತೆಯಲ್ಲಿ ಒಂದೆರಡು ಡಿಗ್ರಿಗಳ ವ್ಯತ್ಯಾಸದಿಂದ ಹುಟ್ಟಿ ಅಳಿಯುವ ವಸ್ತು; ವಾಯುಮಂಡಲದ ನಡುಮಟ್ಟದ ವಾಯುಪ್ರವಾಹವನ್ನು ನಿರ್ದುಷ್ಟವಾಗಿ ಹೇಳಬಲ್ಲ ಮಾದರಿಯೂ ಅದರ ಮುಂದೆ ಮೂಕವಾಗುವುದುಂಟು.

ಆಂಪ್ಸ್‌ನ ಬಳಕೆ ನಿತ್ಯದ ವಿಮಾನಯಾನಕ್ಕೆ ಮಾತ್ರ ಮೀಸಲಾಗಲಿಲ್ಲ. ಅದು ಆರಂಭವಾದ ಕೆಲವೇ ತಿಂಗಳಲ್ಲಿ, 2001ರ ಏಪ್ರಿಲಿನಲ್ಲಿ, ದಕ್ಷಿಣ ಧ್ರುವ ಕೇಂದ್ರದ ವೈದ್ಯರೇ ಅಸ್ವಸ್ಥರಾಗಿ, ಚಳಿಗಾಲದ ಕತ್ತಲೆ ಕವಿದ ಮೇಲೆ ಅವರನ್ನು ಹೊರತರಬೇಕಾಗಿ ಬಂದಿತು. ಅಂಟಾರ್ಕ್ಟಿಕ ಪರ್ಯಾಯದ್ವೀಪದ ರೊಥೆರಾ ಕೇಂದ್ರದಿಂದ ಹೊರಟ ಕೆನಡದ ಪುಟ್ಟ ಟ್ವಿನ್ ಆಟರ್ ವಿಮಾನವು ಸುಮಾರು ಹತ್ತು ಗಂಟೆ ಹಾರಿ, −60 ಡಿಗ್ರಿಗೂ ಕೆಳಗಿನ ಶೈತ್ಯದಲ್ಲಿ ಇಳಿದು, ಅವರನ್ನು ಕರೆದುತಂದಿತು. ಹೊರಡುವ ಗಳಿಗೆಯನ್ನು ಆರಿಸುವುದಕ್ಕೆ ನೆರವಾದ ಮುನ್ಸೂಚನೆಗಳಲ್ಲಿ ಆಂಪ್ಸ್‌ನದೂ ಒಂದು. ಆ ಸಂದರ್ಭದಲ್ಲಿ ಬೇರೆ ಬೇರೆ ಮಾದರಿಗಳು ಹೇಳಿದುದೇನು, ನಡೆದುದೇನು ಎಂಬುದನ್ನು ಅನಂತರ ತಾಳೆ ನೋಡಿ ಪ್ರಕಟಿಸಿದರು. 2002ರ ಜೂನ್‌ನಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ‘ಮ್ಯಾಗ್ಡಲೇನ ಓಲ್ಡೆನ್‌ಡಾರ್ಫ್’ ಹಡಗಿನ ಜನರನ್ನು ದಕ್ಷಿಣ ಆಫ್ರಿಕದ ‘ಅಗುಲ್ಹಾಸ್’ ಹಡಗು ಬಿಡಿಸಲು ಹೊರಟಾಗಲೂ ಅದರ ಲೆಕ್ಕಗಳು ಉಪಯೋಗಕ್ಕೆ ಬಂದುವು.

ಮಾದರಿ ಎಷ್ಟು ಸೂಕ್ಷ್ಮವಾದರೂ ಅದರ ಆರಂಭಸ್ಥಿತಿ ವೀಕ್ಷಣೆಗಳನ್ನೇ ಆಧರಿಸಿದೆ. ಭಾರತದ ನಾಲ್ಕು ಪಟ್ಟಿಗೂ ಮಿಗಿಲಾದ ಅಂಟಾರ್ಕ್ಟಿಕ ಖಂಡದಲ್ಲಿ ಬಲೂನಿನ ಮೂಲಕ ಮೇಲ್ಗಾಳಿಯನ್ನು ಅಳೆಯುವ ಕೇಂದ್ರಗಳು ಬೆರಳೆಣಿಕೆಯವು, ಅವುಗಳಲ್ಲಿ ಬಹುಪಾಲು ಕರಾವಳಿಯಲ್ಲಿವೆ. ಒಳನಾಡಿನಲ್ಲಿ 1980ರಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದವರು ಹಬ್ಬಿಸಿರುವ ಸ್ವಯಂಚಾಲಿತ ಹವಾಕೇಂದ್ರಗಳು ದೊಡ್ಡ ಆಧಾರ. ಉಪಗ್ರಹಗಳು ಧ್ರುವದ ಮೇಲೆ ಪದೇಪದೇ ಹಾದುಹೋಗುತ್ತವಾದರೂ, ಹಿಮದ ಮೇಲ್ಮೈಯೂ ಮೋಡದ ನೆತ್ತಿಯೂ ಸಮಾನವಾಗಿ ತಣ್ಣಗೂ ಬೆಳ್ಳಗೂ ಇರುವೆಡೆಯಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟವಾದ್ದರಿಂದ, ಕೆಳಪದರದ ಅಳತೆಗಳನ್ನು ಬಹಳಮಟ್ಟಿಗೆ ಬಿಟ್ಟುಬಿಡಬೇಕಾಗುತ್ತದೆ. 2006ರಲ್ಲಿ ತೈವಾನ್ ಮತ್ತು ಅಮೆರಿಕ ಕೂಡಿ ಹಾರಿಸಿದ ಕಾಸ್ಮಿಕ್ ಎಂಬ ಆರು ಉಪಗ್ರಹಗಳು, ಸ್ಥಾನನಿರ್ದೇಶಕ ಉಪಗ್ರಹಗಳ ರೇಡಿಯೊ ಸಂಕೇತಗಳು ಗಾಳಿಯಲ್ಲಿ ಬಾಗುವ ಪರಿಮಾಣದಿಂದ ಉಷ್ಣತೆಯನ್ನು ಗಣಿಸಿಕೊಟ್ಟು, ಮೋಡದ ತೊಡಕಿಲ್ಲದ ಹೊಸ ಸಾಕ್ಷ್ಯವನ್ನು ತಂದುವು. 2010ರ ಕಾಂಕಾರ್ಡಿಯಾಸಿ ಯೋಜನೆಯಲ್ಲಿ ಮೆಕ್‌ಮರ್ಡೊದಿಂದ ಮೇಲಕ್ಕೇರಿ ವಾಯುಮಂಡಲದ ಮೇಲ್ಪದರದಲ್ಲಿ ತೇಲುತ್ತಿದ್ದ ಬಲೂನುಗಳು ಆಜ್ಞೆಯಾದಾಗಲೆಲ್ಲ ಒಂದೊಂದು ಅಳತೆಯಂತ್ರವನ್ನು ಕೆಳಕ್ಕೆ ಬೀಳಬಿಟ್ಟುವು. ಸಿಂಪ್ಸನ್ನನ ರೇಷ್ಮೆದಾರದ ಕೆಲಸವನ್ನು ಈಗ ರೇಡಿಯೊ ವಹಿಸಿಕೊಂಡಿತ್ತು.

ಇನ್ನು ಮೌಲ್ಯಮಾಪನ. ಮುನ್ಸೂಚನೆಯ ದೋಷವನ್ನು ಅಳೆಯಲು ರೂಢಿಯಲ್ಲಿರುವ ಮಾನಗಳು ಮೂರು: ಮಾದರಿಯು ಒಟ್ಟಿನಲ್ಲಿ ಯಾವ ಕಡೆಗೆ ವಾಲುತ್ತದೆಂಬುದನ್ನು ತಿಳಿಸುವ ಸರಾಸರಿ ದೋಷ, ದೋಷಗಳ ವರ್ಗಗಳ ಸರಾಸರಿಯಿಂದ ಪಡೆದ ವರ್ಗಮೂಲ ದೋಷ, ಏರಿಳಿತಗಳು ಜೊತೆಜೊತೆಯಾಗಿ ನಡೆದುವೇ ಎಂಬುದನ್ನು ಹೇಳುವ ಸಹಸಂಬಂಧಾಂಕ. ಇವುಗಳ ಜೊತೆಗೆ, ನಿನ್ನೆಯಂತೆಯೇ ನಾಳೆಯೂ ಇರುವುದೆಂಬ ಸರಳ ಊಹೆಯನ್ನು ಮಾದರಿ ಮೀರಿಸಿತೇ ಎಂದು ಕೇಳುವುದು ಅವಶ್ಯ. ಚಳಿಗಾಲದ ಪ್ರಸ್ಥಭೂಮಿಯಲ್ಲಿ ಆ ಸರಳ ಊಹೆಯೇ ಹಲವು ದಿನ ಸರಿಯಾಗಿರುವುದರಿಂದ ಈ ಪ್ರಶ್ನೆ ಅಲ್ಲಿ ಇನ್ನಷ್ಟು ತೀಕ್ಷ್ಣವಾಗುತ್ತದೆ. ಅಲ್ಲದೆ, ಒರಟಾದ ಜಾಗತಿಕ ಸ್ಥಿತಿಯಿಂದ ಹೊರಟ ಸೂಕ್ಷ್ಮ ಮಾದರಿಗೆ ತನ್ನದೇ ಆದ ಕಣಿವೆಗಾಳಿಗಳನ್ನು ಎಬ್ಬಿಸಿಕೊಳ್ಳಲು ಕೆಲವು ಗಂಟೆ ಬೇಕಾದ್ದರಿಂದ, ಪೋಲಾರ್ ಡಬ್ಲ್ಯು.ಆರ್.ಎಫ್. ಪರೀಕ್ಷೆಗಳಲ್ಲಿ 48 ಗಂಟೆಗಳ ಓಟದ ಮೊದಲ 24 ಗಂಟೆಗಳನ್ನು ಕೈಬಿಟ್ಟು ಉಳಿದುದನ್ನೇ ತೂಗಿದ್ದಾರೆ.

ಅಳತೆಗೆ ಆಧಾರವಾದ ಉಪಕರಣವೇ ಸಂದೇಹಾಸ್ಪದವಾದಾಗ ಏನು ಮಾಡುವುದು? ಜನರಿಲ್ಲದ ಹವಾಕೇಂದ್ರದ ಗಾಳಿಬಟ್ಟಲುಗಳಿಗೆ ಹಿಮದ ಹರಳು ಮೆತ್ತಿಕೊಂಡು ಅವು ನಿಂತುಹೋದರೆ, ದಾಖಲೆಯಲ್ಲಿ ಗಾಳಿ ಶೂನ್ಯವೆಂದು ಬರುತ್ತದೆ. ಮಾದರಿಯು ಸೆಕೆಂಡಿಗೆ ಹತ್ತು ಮೀಟರೆಂದು ನಿಜವನ್ನೇ ಹೇಳಿದ್ದರೂ ಲೆಕ್ಕದಲ್ಲಿ ಅದೇ ತಪ್ಪಿತಸ್ಥ. ವರ್ಷದಿಂದ ವರ್ಷಕ್ಕೆ ಹಿಮ ಸುರಿದು ಕಂಬವು ಹೂತುಹೋಗುತ್ತಿರುವಲ್ಲಿ, ಮೂರು ಮೀಟರು ಎತ್ತರದಲ್ಲಿ ಕಟ್ಟಿದ ಉಷ್ಣಮಾಪಕವು ಕ್ರಮೇಣ ಒಂದು ಮೀಟರಿನಲ್ಲಿ ನಿಂತಿರುತ್ತದೆ; ತೀವ್ರ ವಿಪರ್ಯಯದ ನಡುವೆ ಈ ಎರಡು ಮೀಟರುಗಳ ಅಂತರ ಹಲವು ಡಿಗ್ರಿಗಳ ಅಂತರವಾಗಬಹುದು. ಹಿಮಪಾತದ ಅಳತೆಯಂತೂ ಬಹುತೇಕ ಅಸಾಧ್ಯವೆಂದೇ ಹೇಳಬೇಕು, ಏಕೆಂದರೆ ಮಾಪಕದೊಳಕ್ಕೆ ಬಿದ್ದುದು ಆಕಾಶದಿಂದ ಇಳಿದುದೋ ಪಕ್ಕದ ದಿಣ್ಣೆಯಿಂದ ಗಾಳಿ ತೂರಿಕೊಂಡು ಬಂದುದೋ ತಿಳಿಯುವ ಬಗೆಯಿಲ್ಲ. ಮಾದರಿಯ ಜಾಲಬಿಂದುವಿನ ಎತ್ತರವೂ ಕೇಂದ್ರದ ನಿಜವಾದ ಎತ್ತರವೂ ಬೇರೆಬೇರೆಯಾಗಿರುವ ಇಳಿಜಾರುಗಳಲ್ಲಿ ವಾಯುಭಾರವನ್ನು ಸಮುದ್ರಮಟ್ಟಕ್ಕೆ ಇಳಿಸಿ ಹೋಲಿಸುವಾಗ ಇನ್ನೊಂದು ಕೃತಕದೋಷ ನುಸುಳುತ್ತದೆ. ಆದ್ದರಿಂದ ಅಲ್ಲಿಯ ವಿವೇಕಿಯಾದ ಪರೀಕ್ಷಕನು ಮಾದರಿಯನ್ನು ಸಂಶಯಿಸುವಷ್ಟೇ ಶ್ರದ್ಧೆಯಿಂದ ಸಾಕ್ಷಿಯನ್ನೂ ಸಂಶಯಿಸುತ್ತಾನೆ.

2001ರ ಸೆಪ್ಟೆಂಬರಿನಿಂದ 2003ರ ಆಗಸ್ಟಿನವರೆಗಿನ ಎರಡು ವರ್ಷಗಳ ಆಂಪ್ಸ್ ಮುನ್ಸೂಚನೆಗಳನ್ನು ಹೀಗೆ ತೂಗಿದಾಗ ನೆಲಮಟ್ಟದ ವಾಯುಭಾರವೂ ಉಷ್ಣತೆಯೂ ಹೆಚ್ಚು ವಿಶ್ವಾಸಾರ್ಹವೆಂದೂ, ಗಾಳಿಯೂ ಆರ್ದ್ರತೆಯೂ ಅವುಗಳಿಗಿಂತ ಹಿಂದೆ ಬೀಳುತ್ತವೆಂದೂ ಕಂಡುಬಂದಿತು. ಇದೇ ತಾರತಮ್ಯವು ಭಾರತದ ಅನುಭವದಲ್ಲಿಯೂ ಸ್ಫುಟವಾಗಿ ಕಾಣುತ್ತದೆ. ಷಿರ್ಮಾಕರ್ ಓಯಸಿಸ್ ಎಂಬ ಹಿಮರಹಿತ ಶಿಲಾಭೂಮಿಯಲ್ಲಿ 1989ರಲ್ಲಿ ಸ್ಥಾಪಿತವಾದ ಭಾರತದ ಮೈತ್ರಿ ಕೇಂದ್ರಕ್ಕಾಗಿ ಭಾರತೀಯ ಪವನವಿಜ್ಞಾನ ಇಲಾಖೆಯು 15 ಕಿ.ಮೀ. ಅಂತರದ ಪೋಲಾರ್ ಡಬ್ಲ್ಯು.ಆರ್.ಎಫ್. ಮಾದರಿಯನ್ನು ತನ್ನದೇ ಜಾಗತಿಕ ಮಾದರಿಯ ಒಳಗೆ ಅಳವಡಿಸಿ, 2010ರ ಡಿಸೆಂಬರ್ 1ರಿಂದ 2011ರ ಫೆಬ್ರವರಿ 28ರವರೆಗಿನ 90 ದಿನಗಳ ಫಲವನ್ನು ಮೈತ್ರಿಯ ವೀಕ್ಷಣೆಗಳೊಡನೆ ಹೋಲಿಸಿ ಪ್ರಕಟಿಸಿತು. ಜಾಗತಿಕ ಮಾದರಿಯು ವಾಯುಭಾರವನ್ನು 16–17 ಹೆಕ್ಟೊಪಾಸ್ಕಲ್‌ನಷ್ಟು ಕಡಿಮೆಯಾಗಿ ಹೇಳಿದ್ದಿತು, ವರ್ಗಮೂಲ ದೋಷ 21. ಪೋಲಾರ್ ಮಾದರಿಯಲ್ಲಿ ಕೊರತೆ 3–4 ಮಾತ್ರ, ವರ್ಗಮೂಲ ದೋಷ 4. ಈ ಅಂಕಗಳನ್ನು ಇನ್ನೂ ಒಂದು ಹೆಜ್ಜೆ ಒಳಹೊಕ್ಕು ನೋಡುವುದು ಯುಕ್ತ. ಸರಾಸರಿ ದೋಷವು ನಿತ್ಯವೂ ಒಂದೇ ತೆರನಾಗಿದ್ದರೆ ಅದನ್ನು ಕೂಡಿಸಿ ತಿದ್ದಿಕೊಳ್ಳಬಹುದು. ಹಾಗೆ ತಿದ್ದಲಾಗದ ಚಂಚಲ ದೋಷವೆಷ್ಟು ಎಂಬುದೇ ನಿಜವಾದ ಪ್ರಶ್ನೆ. ವರ್ಗಮೂಲ ದೋಷದ ವರ್ಗದಿಂದ ಸರಾಸರಿ ದೋಷದ ವರ್ಗವನ್ನು ಕಳೆದು ಮೂಲ ತೆಗೆದರೆ, ಜಾಗತಿಕ ಮಾದರಿಗೆ ಸುಮಾರು 13, ಪೋಲಾರ್ ಮಾದರಿಗೆ ಸುಮಾರು 2 ಹೆಕ್ಟೊಪಾಸ್ಕಲ್ ಉಳಿಯುತ್ತದೆ. ಎಂದಮೇಲೆ ಪೋಲಾರ್ ಮಾದರಿಯ ಗೆಲವು ಬರಿಯ ಮಟ್ಟದ ತಿದ್ದುಪಡಿಯಿಂದ ಬಂದುದಲ್ಲ. ದಿನದಿನದ ಏರಿಳಿತವನ್ನು ಅದು ನಿಜವಾಗಿ ಹಿಡಿದಿತ್ತು. ಗಾಳಿಯ ವಿಷಯದಲ್ಲಾದರೋ ಜಾಗತಿಕ ಮಾದರಿಯ ವರ್ಗಮೂಲ ದೋಷ ಸೆಕೆಂಡಿಗೆ 5–6 ಮೀಟರು, ಪೋಲಾರ್ ಮಾದರಿಯದು 4–5. ಸುಧಾರಣೆ ಇದೆ, ಅಲ್ಪ. ಅಲ್ಲಿಗೆ ಬರುವ ವಿಮಾನಗಳು ಸಮೀಪದ ರಷ್ಯನ್ ಕೇಂದ್ರ ನೊವೊಲಾಜರೆವ್‌ಸ್ಕಾಯದ ಹಿಮದ ಓಡುಹಾದಿಯ ಮೇಲೆ ಇಳಿಯುವಾಗ ಪೈಲಟ್ ಕೇಳುವುದು ವಾಯುಭಾರಕ್ಕಿಂತ ಮೊದಲು ಗಾಳಿಯನ್ನೇ. ಮಾದರಿ ಅತ್ಯಂತ ದುರ್ಬಲವಾಗಿರುವುದು ಬಳಕೆದಾರನಿಗೆ ಅತ್ಯಂತ ಬೇಕಾದ ಎಡೆಯಲ್ಲಿ.

ಮೋಡಗಳ ಪ್ರಸಂಗದಲ್ಲಿ ಹೇಳಿದ ಸರಾಸರಿಗಳ ಮೋಸವನ್ನು ಮನಗಂಡ ಸಂಶೋಧಕರು ಇನ್ನೊಂದು ಮಾರ್ಗವನ್ನು ಹಿಡಿದಿದ್ದಾರೆ. ರಾಸ್ ಪ್ರಾಂತದ ಹವಾಸ್ಥಿತಿಗಳನ್ನು ಗಣಕಯಂತ್ರದ ಸಹಾಯದಿಂದ ಕೆಲವು ಮಾದರಿವಿನ್ಯಾಸಗಳಾಗಿ ವಿಂಗಡಿಸಿ, ಪ್ರತಿಯೊಂದು ವಿನ್ಯಾಸದಲ್ಲಿ ಆಂಪ್ಸ್ ಹೇಗೆ ನಡೆದುಕೊಂಡಿತೆಂದು ಪ್ರತ್ಯೇಕವಾಗಿ ಪರಿಶೀಲಿಸುವುದು ಈ ವಿಧಾನ. ಒಂದು ವಿನ್ಯಾಸದಲ್ಲಿ ಗಾಳಿಯನ್ನು ಹೆಚ್ಚಾಗಿಯೂ ಇನ್ನೊಂದರಲ್ಲಿ ಕಡಿಮೆಯಾಗಿಯೂ ಹೇಳುವ ಮಾದರಿಗೆ ವರ್ಷದ ಸರಾಸರಿಯಲ್ಲಿ ದೋಷವೇ ಇಲ್ಲವೆಂದು ತೋರಬಹುದು. ಇಂದಿನ ನಕ್ಷೆ ಯಾವ ವಿನ್ಯಾಸಕ್ಕೆ ಸೇರುತ್ತದೆಂದು ಬಲ್ಲ ಮುನ್ಸೂಚಕನು ಇಂದಿನ ಲೆಕ್ಕವನ್ನು ಎತ್ತ ತಿದ್ದಬೇಕೆಂಬುದನ್ನೂ ಬಲ್ಲನು. ಒಂದೊಂದು ಘಟನೆಯ ಆಳವಾದ ಅಧ್ಯಯನವೂ ಇದಕ್ಕೆ ಪೂರಕ. ಮೆಕ್‌ಮರ್ಡೊದವರು ‘ಹರ್ಬಿ’ ಎಂದು ಕರೆಯುವ ಘೋರ ಹಿಮಬಿರುಗಾಳಿಗಳು ದಕ್ಷಿಣದಿಂದ, ಬ್ಲ್ಯಾಕ್ ಮತ್ತು ವೈಟ್ ದ್ವೀಪಗಳ ನಡುವಣ ಹಾದಿಯಲ್ಲಿ ನುಗ್ಗಿ ಬರುತ್ತವೆ. 2004ರ ಮೇ 15–16ರಂದು ಕೇಂದ್ರದ ಕಟ್ಟಡಗಳಿಗೆ ಹಾನಿಮಾಡಿದ ಬಿರುಗಾಳಿಯನ್ನು ಡಬ್ಲ್ಯು.ಆರ್.ಎಫ್.ನಲ್ಲಿ ಮರುಗಣಿಸಿ ನೋಡಿದಾಗ, 3.3 ಕಿ.ಮೀ. ಜಾಲವು ದ್ವೀಪಗಳ ಸುತ್ತ ಗಾಳಿ ಬಲವಾಗುವುದನ್ನು ಚೆನ್ನಾಗಿ ತೋರಿತು. ಸೂಕ್ಷ್ಮಜಾಲದ ಖರ್ಚಿಗೆ ಇಂಥ ಒಂದು ಫಲ ಹಲವು ತಿಂಗಳ ಸರಾಸರಿಗಿಂತ ಪ್ರಬಲವಾದ ಸಮರ್ಥನೆ.

ಉತ್ತರದ ಧ್ರುವಪ್ರದೇಶದಲ್ಲಿ ಸಮಸ್ಯೆಯ ಮುಖ ಬೇರೆ. ಅಲ್ಲಿ ಧ್ರುವವು ಸಮುದ್ರದ ಮೇಲಿದೆ, ಸುತ್ತಲೂ ಜನವಸತಿಯಿದೆ, ಮೀನುಗಾರರ ದೋಣಿಗಳಿವೆ. ಹಿಮದ ಅಂಚಿನಿಂದ ಬೆಚ್ಚನೆಯ ತೆರೆದ ನೀರಿನ ಮೇಲೆ ಶೀತವಾಯು ಹರಿದುಬಂದಾಗ ಏಳುವ ‘ಪೋಲಾರ್ ಲೋ’ ಎಂಬ ಪುಟ್ಟ ಚಂಡಮಾರುತಗಳು ನಾರ್ವೆಯ ಉತ್ತರ ಕರಾವಳಿಗೆ ಭಯಂಕರ. ಕೆಲವು ನೂರು ಕಿಲೋಮೀಟರುಗಳಷ್ಟೇ ವ್ಯಾಸವುಳ್ಳ ಅವು ಒಂದೆರಡು ದಿನಗಳಲ್ಲಿ ಹುಟ್ಟಿ ಅಳಿಯುತ್ತವೆ. ಇವುಗಳನ್ನು ಹಿಡಿಯುವ ಸಲುವಾಗಿ ನಾರ್ವೆಯ ಹವಾಸಂಸ್ಥೆಯು 2015ರ ನವೆಂಬರಿನಿಂದ 2.5 ಕಿ.ಮೀ. ಅಂತರದ ‘ಅರೋಮ್ ಆರ್ಕ್ಟಿಕ್’ ಮಾದರಿಯನ್ನು ನಿತ್ಯಬಳಕೆಗೆ ತಂದಿದೆ. ಸೂಕ್ಷ್ಮಮಾದರಿಗಳ ಮೌಲ್ಯಮಾಪನದ ಒಂದು ವಿಶೇಷ ತೊಡಕು ಇಲ್ಲಿ ಎದುರಾಗುತ್ತದೆ. ಸುಳಿಯನ್ನು ಸರಿಯಾಗಿ ಹೇಳಿ ಅದರ ಸ್ಥಾನವನ್ನು ಮಾತ್ರ ಐವತ್ತು ಕಿಲೋಮೀಟರು ತಪ್ಪಿಸಿದ ಮಾದರಿಗೆ, ಸುಳಿ ಇದ್ದಲ್ಲಿ ಹೇಳಲಿಲ್ಲವೆಂದು ಒಂದು ದಂಡ, ಇಲ್ಲದಲ್ಲಿ ಹೇಳಿತೆಂದು ಇನ್ನೊಂದು ದಂಡ. ಸುಳಿಯನ್ನೇ ಕಾಣದ ಒರಟು ಮಾದರಿಗಾದರೋ ಒಂದೇ ದಂಡ. ಬಿಂದುವಿಗೆ ಬಿಂದು ಹೋಲಿಸುವುದನ್ನು ಬಿಟ್ಟು ಆಸುಪಾಸಿನ ಪ್ರದೇಶವನ್ನೇ ಒಟ್ಟಾಗಿ ಹೋಲಿಸುವ ರೀತಿ ಹುಟ್ಟಿದುದು ಈ ಅನ್ಯಾಯದ ಪರಿಹಾರಕ್ಕಾಗಿ.

2017ರ ನಡುವಿನಿಂದ 2019ರ ನಡುವಿನವರೆಗೆ ವಿಶ್ವ ಹವಾಸಂಸ್ಥೆಯ ಆಶ್ರಯದಲ್ಲಿ ನಡೆದ ಧ್ರುವಮುನ್ಸೂಚನಾ ವರ್ಷವು ಈ ಎಲ್ಲ ಪ್ರಯತ್ನಗಳನ್ನು ಒಂದುಗೂಡಿಸಿತು. 2018ರ ನವೆಂಬರ್ 16ರಿಂದ 2019ರ ಫೆಬ್ರವರಿ 15ರವರೆಗೆ ದಕ್ಷಿಣ ಧ್ರುವವಲಯದ ಕೇಂದ್ರಗಳೂ ಹಡಗುಗಳೂ ವಾಡಿಕೆಗಿಂತ ಸಾವಿರಾರು ಹೆಚ್ಚು ಬಲೂನುಗಳನ್ನು ಹಾರಿಸಿದುವು. ಆ ಅಳತೆಗಳನ್ನು ಸೇರಿಸಿದ ಗಣನೆಯನ್ನೂ ಬಿಟ್ಟ ಗಣನೆಯನ್ನೂ ಎದುರುಬದುರಾಗಿ ಇಟ್ಟು, ಹೆಚ್ಚಿನ ವೀಕ್ಷಣೆಯಿಂದ ಮುನ್ಸೂಚನೆಗೆ ದೊರೆತ ಲಾಭವನ್ನು ಪರಿಶೀಲಿಸಲು ಆಗ ಅವಕಾಶವಾಯಿತು. ಇತ್ತೀಚೆಗೆ, ಒಂದರೊಳಗೊಂದು ಜಾಲಗಳ ಬದಲು ಭೂಗೋಳವನ್ನೆಲ್ಲ ಷಡ್ಭುಜಗಳಿಂದ ಹೊದಿಸಿ ಬೇಕಾದೆಡೆ ಮಾತ್ರ ನಿಬಿಡಗೊಳಿಸುವ ‘ಎಂಪಾಸ್’ ಮಾದರಿಯನ್ನು ಆಂಪ್ಸ್‌ನಲ್ಲಿ ಜೊತೆಜೊತೆಗೆ ನಡೆಸಿ ನೋಡಿದ್ದಾರೆ. ಜಾಲದ ಅಂಚುಗಳಲ್ಲಿ ಉಂಟಾಗುತ್ತಿದ್ದ ಕೃತಕ ವಿಕಾರಗಳು ಇದರಲ್ಲಿಲ್ಲ. ಹಳೆಯ ಹವಾದಾಖಲೆಗಳಿಂದ ಕಲಿತು ಕ್ಷಣಮಾತ್ರದಲ್ಲಿ ಜಾಗತಿಕ ಮುನ್ಸೂಚನೆ ನೀಡುವ ಯಂತ್ರಕಲಿಕೆಯ ಮಾದರಿಗಳು 2023ರ ಸುಮಾರಿಗೆ ಬೆಳಕಿಗೆ ಬಂದಿವೆ. ಆದರೆ ಅವು ಕಲಿತ ದಾಖಲೆಯ ಜಾಲಾಂತರ ಅಕ್ಷಾಂಶದ ಕಾಲು ಡಿಗ್ರಿಯಷ್ಟಿದ್ದು, ಮೆಕ್‌ಮರ್ಡೊದ ಸುತ್ತಣ ದ್ವೀಪಗಳು ಅದರಲ್ಲಿ ಬೇರೆಬೇರೆಯಾಗಿ ತೋರುವುದಿಲ್ಲ. ದಾಖಲೆಯೂ ಅದೇ ವಿರಳ ವೀಕ್ಷಣೆಗಳಿಂದ ಹೆಣೆದುದು.

ಹೆಚ್ಚು ಕೊರತೆಯಿರುವುದು ಚಳಿಗಾಲದ ಪರೀಕ್ಷೆಯಲ್ಲಿ. ಮೈತ್ರಿಯ ಪ್ರಕಟಿತ ಹೋಲಿಕೆ ಬೇಸಗೆಯ 90 ದಿನಗಳದ್ದು. ವಿಮಾನಗಳೂ ವಿಜ್ಞಾನಿಗಳೂ ಹೆಚ್ಚಾಗಿರುವುದು ಬೇಸಗೆಯಲ್ಲಾದ್ದರಿಂದ ಬಹಳಷ್ಟು ವೀಕ್ಷಣಾಯೋಜನೆಗಳು ಆ ಋತುವಿನಲ್ಲಿಯೇ ನಡೆದಿವೆ. ವಿಪರ್ಯಯವು ತೀವ್ರತಮವಾಗಿ, ಕಟಬಾಟಿಕ್ ಮಾರುತವು ಪ್ರಬಲವಾಗಿ, ಸಮುದ್ರಹಿಮವು ಗರಿಷ್ಠ ವಿಸ್ತಾರಕ್ಕೆ ಬೆಳೆಯುವ ಋತುವಾದರೋ ಚಳಿಗಾಲ. ಧ್ರುವಮುನ್ಸೂಚನಾ ವರ್ಷದ ಸಂಘಟಕರು 2022ರ ಅಂಟಾರ್ಕ್ಟಿಕ ಚಳಿಗಾಲದಲ್ಲಿ, ದೊಡ್ಡ ಚಂಡಮಾರುತಗಳು ಖಂಡವನ್ನು ಸಮೀಪಿಸುವ ಸೂಚನೆ ಕಂಡ ದಿನಗಳನ್ನೇ ಆರಿಸಿ, ಆಯ್ದ ಕೇಂದ್ರಗಳಿಂದ ಹೆಚ್ಚುವರಿ ಬಲೂನುಗಳನ್ನು ಹಾರಿಸಿದರು. ಕತ್ತಲೆಯ ತಿಂಗಳುಗಳ ಮಾದರಿಗಳನ್ನು ತೂಗುವುದಕ್ಕೆ ಆ ಅಳತೆಗಳು ಈಗ ಉಪಯೋಗವಾಗುತ್ತಿವೆ.